ಹೆಸರಿಲ್ಲದ ಬಿಳಿ ಕೈ

ನಲ್ಲಿಯಲ್ಲಿ ನೀರು ಬಂದು ಇನ್ನೂ ಎರಡನೇ ಡ್ರಮ್ಮು ತುಂಬಿರಲಿಲ್ಲ, ಗೇಟಿನ ಚಿಲಕ ಸದ್ದಾಯಿತು.

ಸುಚಿತ್ರಾ ಪೈಪನ್ನು ಡ್ರಮ್ಮಿನೊಳಗೆ ತುರುಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ತಿರುಗಿದಳು. ಬಂದವಳು ಹಾಜಿರಾ. ದುಪಟ್ಟಾ ತಲೆಯಿಂದ ಹೆಗಲಿಗೆ ಜಾರಿದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಬೆರಳ ಸಂದಿಯಲ್ಲಿ ಅರಗಿನ ಕೆಂಪು ಹಾಗೇ ಅಂಟಿಕೊಂಡಿತ್ತು. ಗೊಂಬೆಗೆ ಬಣ್ಣ ಹಚ್ಚುತ್ತಿದ್ದವಳು ಅರ್ಧಕ್ಕೇ ಎದ್ದು ಬಂದಿದ್ದಳು.

"ಸುಚಿತ್ರಕ್ಕ, ನನ್ನ ಮಗನ್ನ ಮಧ್ಯಾಹ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಅಲ್ಲಿಂದ ಸೀದಾ ಜೈಲಂತೆ."

"ಯಾರು ಹೇಳಿದ್ದು?"

"ಸ್ಟೇಷನ್ನಾಗೆ. ತಿಂಡಿ ಕೊಡಾಕೆ ಹೋಗಿದ್ದೆ. ಡಬ್ಬಿ ವಾಪಸ್ ಕೊಟ್ಟು, ಎರಡು ಜೊತೆ ಬಟ್ಟೆ ತಂದುಕೊಡಮ್ಮ ಅಂದ್ರು. ಬಟ್ಟೆ ಯಾಕಕ್ಕ ಕೇಳ್ತಾರೆ? ಬೇಗ ಬಿಡೋ ಹಂಗಿದ್ರೆ ಬಟ್ಟೆ ಯಾಕೆ?"

ಮೊನ್ನೆ ಸಂಜೆ ಕೇರಿಯ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ನರೇಂದ್ರ ಮೇಷ್ಟ್ರು, ಪಾಠಕ್ಕೆಂದು ಬಾಡಿಗೆಗೆ ಹಿಡಿದಿದ್ದ ಶೆಡ್ಡಿನ ಅಟ್ಟದ ಮೆಟ್ಟಿಲ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದರು. ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಆ ಸಂಜೆ ಅವರೊಂದಿಗೆ ಜೋರುಜೋರಾಗಿ ವಾದಿಸಿ, ಗಾಡಿ ಹತ್ತಿ ಹೋದವನು ಹಾಜಿರಾಳ ಮಗ ಶೋಯೆಬ್. ಪೊಲೀಸರಿಗೆ ಅಷ್ಟೇ ಸಾಕಾಗಿತ್ತು.

ಆರು ವರ್ಷ ಅದೇ ಪೊಲೀಸ್ ಇಲಾಖೆಯಲ್ಲಿ ದುಡಿದು, ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟವಳು ಸುಚಿತ್ರಾ. ಆದರೂ ಚನ್ನಪಟ್ಟಣದ ಆ ಕೇರಿಯ ಜನ ಕಷ್ಟ ಬಂದಾಗ ಮೊದಲು ಬಡಿಯುವುದು ಅವಳ ಬಾಗಿಲನ್ನೇ. ನಿನ್ನೆ ರಾತ್ರಿ ಹಾಜಿರಾಳ ಕೈ ಹಿಡಿದು ಅವಳು ಒಂದು ಮಾತು ಕೊಟ್ಟಿದ್ದಳು: 'ಮಾಡಿದೋರು ಯಾರೇ ಆಗಿರ್ಲಿ, ಅವರ ಹೆಸರು ನಾನು ಹೇಳ್ತೀನಿ. ನಿನ್ನ ಮಗ ಮನೆಗೆ ಬತ್ತಾನೆ.'

"ಅಮ್ಮಾ, ನೀರು!"

ಇಂಚರ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೂಗಿದಳು. ಡ್ರಮ್ಮು ತುಂಬಿ ಅಂಗಳವೆಲ್ಲ ಹರಿಯುತ್ತಿತ್ತು. ಸುಚಿತ್ರಾ ಓಡಿ ಹೋಗಿ ನಲ್ಲಿ ತಿರುಗಿಸಿದಳು. ದಸರಾ ರಜೆಯಲ್ಲಿದ್ದ ಮಗಳು ಬಾಯಿ ಮುಕ್ಕಳಿಸಿ, ಹಾಜಿರಾಳ ಮುಖ ನೋಡಿ, ಮೆಲ್ಲಗೆ ಕೇಳಿದಳು.

"ಪೊಲೀಸ್ನೋರು ನಮ್ಮ ಪ್ರಪಂಚ ಎಬ್ಬಿಸಿ ನೋಡಿದ್ರಾ ಅಮ್ಮ?"

"ಯಾವ ಪ್ರಪಂಚ?"

"ನಮ್ಮ ಭಾನುವಾರದ ಕ್ಲಾಸಿಂದು. ಕಂಪ್ಯೂಟರ್ ಒಳಗೈತಲ್ಲ, ಅದು. ಮೇಷ್ಟ್ರು ಕುರ್ಚಿಯಿಂದ ಏಳೋ ಮುಂಚೆ ಯಾವಾಗ್ಲೂ ಅದನ್ನ ಮಲಗಿಸ್ತಾರೆ. ಮತ್ತೆ ಎಬ್ಬಿಸಿದ್ರೆ ಎಲ್ಲಿ ಮಲಗಿತ್ತೋ ಅಲ್ಲಿಂದಾನೇ ಶುರು. ಹಾರ್ತಿದ್ದ ಹಕ್ಕಿ ಅಲ್ಲೇ ಗಾಳೀಲಿ ಇರ್ತದೆ."

ಸುಚಿತ್ರಾ ಕೈಯಲ್ಲಿದ್ದ ಪೈಪನ್ನು ಕೆಳಗೆ ಹಾಕಿದಳು. ಪೊಲೀಸರು ಮೆಟ್ಟಿಲ ಫೋಟೊ ತೆಗೆದಿದ್ದರು, ರಕ್ತದ ಫೋಟೊ ತೆಗೆದಿದ್ದರು. ಅಟ್ಟದ ಮೇಲಿದ್ದ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ. ಮಕ್ಕಳ ಆಟದ ಸಾಮಾನು ಅಂದುಕೊಂಡಿದ್ದರು.

"ಹಾಜಿರಾ, ಶೆಡ್ಡಿನ ಬೀಗದ ಕೈ ನಿನ್ನ ಹತ್ರಾನೇ ಐತಲ್ಲ?"

"ಗುಡಿಸೋಳು ನಾನೇ ಅಲ್ವಾ ಅಕ್ಕ. ಇಲ್ಲೈತೆ ನೋಡಿ."

*

ಅದು ಹಿಂದೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಶೆಡ್ಡು. ಒಲೆಗಳು ಆರಿ ಎಷ್ಟೋ ವರ್ಷವಾಗಿದ್ದರೂ ಬೆಂದ ಹುಳುವಿನ ವಾಸನೆ ಗೋಡೆ ಬಿಟ್ಟು ಹೋಗಿರಲಿಲ್ಲ. ಹಗಲಲ್ಲೂ ಒಳಗೆ ಕತ್ತಲೆ. ಮೆಟ್ಟಿಲ ಬುಡದಲ್ಲಿ ಯಾರೋ ಮರಳು ಹಾಕಿದ್ದರು. ಮರಳಿನ ನಡುವೆ ಕಪ್ಪಗೆ ಒಂದು ಕಲೆ ಮೇಲೆದ್ದು ಕಾಣುತ್ತಿತ್ತು.

ಹಾಜಿರಾ ಅದನ್ನು ದಾಟಲಾರದೆ ಹೊಸ್ತಿಲ ಬಳಿಯೇ ಕೂತಳು. ಸುಚಿತ್ರಾ ಮಗಳ ಕಣ್ಣಿಗೆ ಅದು ಬೀಳದಂತೆ ತನ್ನ ಸೆರಗನ್ನು ಅಡ್ಡ ಹಿಡಿದು ಅಟ್ಟ ಹತ್ತಿಸಿದಳು.

ಮೇಲೆ ಎದುರುಬದುರು ಎರಡು ಮೇಜು, ಎರಡು ಕಂಪ್ಯೂಟರು, ನಡುವೆ ಒಂದು ವೈರು. ಇಂಚರ ಕಿತ್ತು ಬಿದ್ದಿದ್ದ ಕರೆಂಟಿನ ವೈರನ್ನು ಗೋಡೆಗೆ ಸಿಕ್ಕಿಸಿ, ಮೇಷ್ಟ್ರ ಕಂಪ್ಯೂಟರನ್ನು ಹಚ್ಚಿ, ತೆರೆಯ ಮೂಲೆಯ ಒಂದು ಚಿತ್ರವನ್ನು ಒತ್ತಿದಳು.

ಪ್ರಪಂಚ ಎದ್ದಿತು.

ತೆರೆಯ ತುಂಬ ಮಕ್ಕಳೇ ಬರೆದ ಒಂದು ನೂಲಿನ ಮನೆ. ಬಿಸಿನೀರಿನ ತೊಟ್ಟಿಯಲ್ಲಿ ಹಳದಿ ಗೂಡುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಪಕ್ಕದಲ್ಲಿ ದೊಡ್ಡ ರಾಟೆ ಗಿರಗಿರನೆ ತಿರುಗುತ್ತಿತ್ತು. ಎಲ್ಲವೂ ಒಮ್ಮೆಲೇ ಉಸಿರಾಡತೊಡಗಿದ್ದವು. ಎರಡು ದಿನ ಉಸಿರು ಬಿಗಿಹಿಡಿದು ಇವರಿಗಾಗಿಯೇ ಕಾದಿದ್ದಂತೆ.

"ಇದ್ರೊಳಗೆ ಯಾವುದನ್ನ ಬೇಕಾದ್ರೂ ಮುಟ್ಟಿ ಮಾತಾಡಿಸಬಹುದಮ್ಮ," ಎಂದು ಇಂಚರ ಪಿಸುಗುಟ್ಟಿದಳು. ಒಂದು ಗೂಡನ್ನು ಮುಟ್ಟಿದಳು. ಅದರ ಸುತ್ತ ಬಣ್ಣಬಣ್ಣದ ಚುಕ್ಕೆಗಳ ಬಳೆಯೊಂದು ಮೂಡಿತು. "ಈ ಚುಕ್ಕೆ ಒತ್ತಿದ್ರೆ, ನೀನು ಯಾರು ಅಂತ ಕೇಳ್ದಂಗೆ. ಇದನ್ನೊತ್ತಿದ್ರೆ, ನಿನ್ನನ್ನ ಕೊನೇಲಿ ಮುಟ್ಟಿದ್ದು ಯಾರು ಅಂತ. ಅದು ಸುಳ್ಳು ಹೇಳಲ್ಲ. ಇವೆಲ್ಲಕ್ಕೂ ಒಂದು ತಾಯಿ ಗೂಡೈತೆ. ಅದರ ಬಣ್ಣ ಬದಲಾಯಿಸಿದ್ರೆ ಮಕ್ಕಳೆಲ್ಲ ಬದಲಾಯ್ತವೆ. ನಿಲ್ಲಿಸೋದೇ ಬೇಡ, ಓಡ್ತಿರುವಾಗಲೇ."

"ಓಡ್ತಿರುವಾಗಲೇ?"

"ಹೂಂ. ಶೋಯೆಬಣ್ಣಂಗೆ ಅದಕ್ಕೇ ಇದಂದ್ರೆ ಇಷ್ಟ. ಕಡೆಯೋ ಮಿಷನ್ನಾಗೆ ಗೊಂಬೆ ತಿರುಗ್ತಿದ್ರೇನೇ ಅರಗು ಹಿಡಿಯೋದು, ನಿಂತ ಗೊಂಬೆಗೆ ಬಣ್ಣ ಹತ್ತಲ್ಲ, ಇದೂ ಹಂಗೇ ಅಂತಾನೆ."

ಸುಚಿತ್ರಾ ನಗಲು ಹೋಗಿ, ತೆರೆಯ ನಡುವೆ ಏನೋ ಕಂಡು ಹತ್ತಿರಕ್ಕೆ ಬಗ್ಗಿದಳು.

ಅಲ್ಲಿ ಒಂದು ಕೈ ನೇತಾಡುತ್ತಿತ್ತು. ಬೆರಳು ಚಾಚಿದ ಚಿಕ್ಕ ಬಿಳಿ ಕೈ. ಸುತ್ತ ಎಲ್ಲವೂ ಓಡುತ್ತಿದ್ದರೂ ಅದು ಮಾತ್ರ ಅಲ್ಲಾಡಲಿಲ್ಲ.

"ಇದು ಯಾರು?"

ಇಂಚರಳ ಹುಬ್ಬು ಗಂಟಿಕ್ಕಿತು. "ಒಳಗೆ ಬಂದೋರಿಗೆಲ್ಲ ಒಂದೊಂದು ಕೈ ಇರ್ತದಮ್ಮ. ಮೇಷ್ಟ್ರದು ನೀಲಿ. ನಂದು ಗಿಳಿ ಹಸಿರು. ಶೋಯೆಬಣ್ಣಂದು ಕೆಂಪು. ಹೊಸಬರು ಆ ಮೇಜಿನ ಕಂಪ್ಯೂಟರಲ್ಲಿ ಕೂತ್ರೆ ಬಿಳಿ ಕೈ ಬತ್ತದೆ. ಆಮೇಲೆ ಅವರು ಬಣ್ಣ ಹಾಕ್ಕೊಂಡು ಹೆಸರು ಬರ್ಕೋಬೇಕು. ಇವರು ಬರ್ಕೊಂಡೇ ಇಲ್ಲ."

ಸುಚಿತ್ರಾ ಎದುರಿನ ಖಾಲಿ ಕುರ್ಚಿಯ ಕಡೆ ನೋಡಿದಳು. ಅದು ಮೇಜಿನಿಂದ ಸ್ವಲ್ಪ ಹಿಂದಕ್ಕೆ, ಓರೆಯಾಗಿ ಸರಿದಿತ್ತು. ಕೂತವರು ದಡಕ್ಕನೆ ಎದ್ದ ಹಾಗೆ.

"ಶೋಯೆಬ್‌ನ ಕೆಂಪು ಕೈ ಎಲ್ಲಿ?"

"ಮೇಲೆ ನೋಡು, ಸಾಲಲ್ಲಿ. ಹೊರಗೆ ಹೋದೋರ ಕೈ ಅಲ್ಲಿ ಹೋಗಿ ಕೂತ್ಕೋತವೆ. ಅವನು ಆಗ್ಲೇ ಹೋಗಿದ್ದ."

ಮೇಷ್ಟ್ರು ಪ್ರಪಂಚವನ್ನು ಮಲಗಿಸಿದಾಗ ಒಳಗಿದ್ದದ್ದು ಎರಡೇ ಕೈ. ಒಂದು ನೀಲಿ, ಒಂದು ಬಿಳಿ.

ಕೆಳಗಿನಿಂದ ಹಾಜಿರಾ ಕೂಗಿದಳು. "ಅಕ್ಕ, ನನ್ನ ಮಗ ಇರ್ಲಿಲ್ಲ ಅಂತ ಆಯ್ತಲ್ವಾ? ಇಷ್ಟು ಸಾಕಲ್ವಾ?"

"ಸಾಲಲ್ಲ ಹಾಜಿರಾ. ಅವನೇ ತಿರುಗಿ ಬಂದು ಬಿಳಿ ಕೈ ಹಾಕ್ಕೊಂಡ ಅಂದ್ಬುಡ್ತಾರೆ. ಒಸಿ ತಡಿ."

ಇಂಚರ ಅಷ್ಟರಲ್ಲಿ ರಾಟೆಯ ಹತ್ತಿರ ಬಗ್ಗಿದ್ದಳು. "ಅಮ್ಮ, ಯಾರೋ ಎಳೆ ಕಟ್ಟವ್ರೆ."

"ಯಾವ ಎಳೆ?"

"ಭಾನುವಾರ ಮೇಷ್ಟ್ರು ಬೇಕಂತಲೇ ಒಂದು ಎಳೆ ತುಂಡು ಮಾಡಿ ಬುಟ್ಟಿದ್ರು. ಯಾರೂ ಕಟ್ಟಬೇಡಿ, ಎಳೆ ತುಂಡಾದ್ರೆ ರಾಟೇಗೆ ತಾನೇ ಗೊತ್ತಾಗಿ ನಿಲ್ಲಬೇಕು, ಹಂಗೆ ಅದಕ್ಕೆ ಬುದ್ಧಿ ಕಲಿಸಿ ಅಂದಿದ್ರು. ಶೋಯೆಬಣ್ಣನೂ ಇದ್ದ. ನಮ್ಮಲ್ಲಿ ಯಾರೂ ಮುಟ್ಟಲ್ಲ."

ಗಂಟಿನ ಮೇಲೆ ಒತ್ತಿ ಕೇಳಿದಳು. ನಿನ್ನನ್ನು ಕಟ್ಟಿದ್ದು ಯಾರು?

ಉತ್ತರದ ಚೌಕದಲ್ಲಿ ಹೆಸರು ಬರಲಿಲ್ಲ. ಒಂದು ಚಿಕ್ಕ ಬಿಳಿ ಕೈಯ ಚಿತ್ರ ಮಾತ್ರ ಬಂತು.

ಕಟ್ಟಿದವರಿಗೆ ಪಾಠ ಗೊತ್ತಿಲ್ಲ. ಆದರೆ ಎಳೆ ಗೊತ್ತು. ಹಗೆ ಸಾಧಿಸಲೆಂದು ಬಂದವರೂ, ಜಗಳಕ್ಕೆಂದೇ ಬಂದು ಕೂತವರೂ, ತುಂಡಾದ ಎಳೆ ಕಣ್ಣಿಗೆ ಬಿದ್ದ ಕೂಡಲೇ ಬೇರೆಲ್ಲ ಬಿಟ್ಟು ಕೈ ಹಾಕಿದ್ದಾರೆ. ನೂಲು ತೆಗೆಯುವ ಮನೆಯಲ್ಲಿ ಬೆಳೆದವರಿಗೆ ಮಾತ್ರ ಇರುವ ಕಾಯಿಲೆ ಅದು. ದೊಡ್ಡಆಲಹಳ್ಳಿಯಲ್ಲಿ ಚರಕದ ಮುಂದೆ ಕೂತು ನೂಲು ತೆಗೆಯುತ್ತಿದ್ದ ಯಲ್ಲಮ್ಮನ ಮಗಳಾದ ತನಗೂ ಅದು ಇದೆ. ಗೊಂಬೆ ಕಡೆಯುವ ಶೋಯೆಬ್‌ಗೆ ಇಲ್ಲ.

"ಹೆಂಗೆ ಕಟ್ಟಿದ್ರು ಅಂತ ನೋಡಬಹುದಾ?"

"ಓ, ನೋಡಬಹುದು. ನಾವು ಹೆಂಗೆ ಮಾಡ್ತೀವಿ ಅಂತ ಆಮೇಲೆ ನೋಡಾಕೆ ಮೇಷ್ಟ್ರು ಒಂದು ಕಣ್ಣು ಇಟ್ಟವ್ರೆ. ಅದು ಎಲ್ಲ ನೆನಪಿಟ್ಕೊಂಡಿರ್ತದೆ."

ತೆರೆಯ ಮೂಲೆಯಲ್ಲಿದ್ದ ಗುಂಡಗಿನ ಕಣ್ಣನ್ನು ಅವಳು ಹಿಂದಕ್ಕೆ ತಿರುಗಿಸಿದಳು.

ಬಿಳಿ ಕೈಗೆ ಜೀವ ಬಂತು.

ಅದು ಮೊದಲು ಸುಮ್ಮನೆ ಅತ್ತಿತ್ತ ಅಲೆಯಿತು. ನೀಲಿ ಕೈ ಒಂದೊಂದೇ ಗೂಡನ್ನು ತೋರಿಸುತ್ತ ಹೋಯಿತು, ಅತಿಥಿಗೆ ಮನೆ ತೋರಿಸಿದ ಹಾಗೆ. ಆಮೇಲೆ ಬಿಳಿ ಕೈ ರಾಟೆಯ ಬಳಿ ನಿಂತಿತು. ಗಾಳಿಯಲ್ಲಿ ಪಟಪಟನೆ ಬಡಿಯುತ್ತಿದ್ದ ತುಂಡು ಎಳೆಯನ್ನು ನೋಡಿತು. ರಾಟೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿತು. ತುದಿ ಹುಡುಕಿತು. ಕಟ್ಟಿತು.

ಕಟ್ಟಿದ ಮೇಲೆ ರಾಟೆಯನ್ನು ಎರಡು ಸಲ ಮೆಲ್ಲಗೆ ತಟ್ಟಿ ಬಿಟ್ಟಿತು.

ಅವ್ವ ಹೀಗೇ ತಟ್ಟುತ್ತಿದ್ದಳು. ಎಳೆ ಕಟ್ಟಿ, ರಾಟೆಯನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿ, 'ಹೋಗವ್ವ' ಎನ್ನುತ್ತಿದ್ದಳು. ಅದನ್ನು ನೋಡಿ ಕಲಿತವರು ಲೋಕದಲ್ಲಿ ಇಬ್ಬರೇ. ಒಬ್ಬಳು ಇಲ್ಲಿ ಕೂತಿದ್ದಾಳೆ. ಇನ್ನೊಬ್ಬ ಬೈಕು ಹತ್ತುವ ಮುಂಚೆ ಅದರ ಟ್ಯಾಂಕನ್ನು, ಇಂಚರ ಶಾಲೆಗೆ ಹೊರಟರೆ ಅವಳ ಬ್ಯಾಗನ್ನು ಹಾಗೇ ತಟ್ಟಿ ಕಳಿಸುತ್ತಾನೆ.

ಪ್ರಕಾಶ. ಅವಳ ತಮ್ಮ.

ಸುಚಿತ್ರಾ ಪಕ್ಕಕ್ಕೆ ತಿರುಗಿದಳು. ಇಂಚರ ತೆರೆಯನ್ನು ನೋಡುತ್ತಿರಲಿಲ್ಲ, ಅಮ್ಮನನ್ನು ನೋಡುತ್ತಿದ್ದಳು. ಮಗುವಿಗೂ ಗೊತ್ತಾಗಿತ್ತು.

ಕೆಳಗೆ ಗೂಡ್ಸ್ ಆಟೊ ಬಂದು ನಿಂತ ಸದ್ದಾಯಿತು.

*

"ಏನ್ ಹಾಜಿರಮ್ಮ, ಹೊಸ್ತಿಲ ಮೇಲೆ ಕೂತಿದ್ದೀರಿ? ಮಗ ಬತ್ತಾನೆ ಬುಡಿ. ಏನೂ ಯೋಚ್ನೆ ಮಾಡಬೇಡಿ."

ತಮ್ಮನ ದನಿ. ಮೆಟ್ಟಿಲು ಕಿರುಗುಟ್ಟಿತು. ಪ್ರಕಾಶ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಸೈಟು ತೋರಿಸಲು ಹೊರಟವನ ಠೀವಿಯಲ್ಲಿ ಮೇಲೆ ಬಂದ. ಅಕ್ಕನನ್ನು ಕಂಡು ಅರೆಕ್ಷಣ ನಿಂತ. ಆಮೇಲೆ ನಕ್ಕ.

"ಏನಕ್ಕ, ಪೊಲೀಸ್ ಕೆಲ್ಸ ಬುಟ್ರೂ ಬೂಟು ಬಿಚ್ಚಿಲ್ವಾ ನೀನು? ಭಾವ ಪಾಪ ಮನೇಲಿ ಕಾಫಿಗೆ ಕಾಯ್ತಿರ್ಬೇಕು."

"ನೀನ್ಯಾಕೋ ಬಂದೆ ಇಲ್ಲಿಗೆ?"

"ಈ ಕಂಪ್ಯೂಟರ್ ಎಲ್ಲ ನಮ್ಮನೇಲಿ ಇಡಾನ ಅಂತ. ಮೇಷ್ಟ್ರು ಏಳೋವರ್ಗೂ. ಇಲ್ಲಿದ್ರೆ ಯಾರಾದ್ರೂ ಹೊತ್ಕೊಂಡು ಹೋಯ್ತಾರೆ. ಶೆಡ್ಡಿನ ಓನರ್‌ಗೂ ಹೇಳಿದ್ದೀನಿ."

ಹೆದ್ದಾರಿ ಪಕ್ಕದ ಈ ಶೆಡ್ಡಿನ ಜಾಗಕ್ಕೆ ಒಂದು ವರ್ಷದಿಂದ ಗಿರಾಕಿ ಹುಡುಕುತ್ತಿದ್ದವನು ಇವನೇ. ಮಕ್ಕಳನ್ನು ಬಿಟ್ಟು ಕದಲುವುದಿಲ್ಲ ಎಂದು ಕೂತವರು ಮೇಷ್ಟ್ರು. ಅದು ಊರಿಗೆಲ್ಲ ಗೊತ್ತಿದ್ದ ವಿಷಯ. ಗೊತ್ತಿದ್ದೂ ಅವಳು ಅದರ ಕಡೆ ಕಣ್ಣು ಹಾಯಿಸಿರಲಿಲ್ಲ. ತಮ್ಮನ ಕಡೆ ಅನುಮಾನದಿಂದ ನೋಡುವುದು ಅವಳಿಗೆ ಅಭ್ಯಾಸವಿರಲಿಲ್ಲ.

"ಮೊನ್ನೆ ಸಂಜೆ ಎಲ್ಲಿದ್ದೆ ಪ್ರಕಾಶ?"

"ಕನಕಪುರದಾಗೆ. ಅವತ್ತೇ ಹೇಳ್ಲಿಲ್ವಾ ಫೋನಲ್ಲಿ?"

"ಈ ಕಂಪ್ಯೂಟರ್ ಮುಂದೆ ಯಾವಾಗ್ಲಾದ್ರೂ ಕೂತಿದ್ದೀಯಾ?"

"ನಾನಾ? ನಂಗೆ ಫೋನ್ ನೋಡಾಕೇ ಟೈಮಿಲ್ಲ. ಇಂಚರ, ನಿಮ್ಮಮ್ಮ ಯಾಕವ್ವ ಹಿಂಗಾಡ್ತಾಳೆ?"

ಇಂಚರ ನಗಲಿಲ್ಲ. ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದು ಕೂತಿದ್ದಳು.

ಸುಚಿತ್ರಾ ತೆರೆಯ ಮೇಲಿನ ಗಂಟನ್ನು ಹಿಡಿದು ಎಳೆದಳು. ಎಳೆ ಫಟ್ಟನೆ ತುಂಡಾಯಿತು. ರಾಟೆ ತಿರುಗುತ್ತಲೇ ಇತ್ತು. ಬಿಡಿಸಿಕೊಂಡ ತುದಿ ಸುತ್ತಿ ಸುತ್ತಿ ಬಂದು ಬಡಿಯತೊಡಗಿತು.

ಪ್ರಕಾಶನ ಕಣ್ಣು ಅಲ್ಲಿಗೆ ಹೋಯಿತು. ಬಲಗೈ ಸೊಂಟದ ಮಟ್ಟಕ್ಕೆ ಎದ್ದು, ಅಲ್ಲೇ ತಡೆದು, ಮೆಲ್ಲಗೆ ಪ್ಯಾಂಟಿನ ಜೇಬಿನೊಳಗೆ ಇಳಿಯಿತು.

"ಕಟ್ಟು," ಎಂದಳು ಸುಚಿತ್ರಾ.

"ಏನು?"

"ಎಳೆ ತುಂಡಾಗೈತೆ. ಕಟ್ಟು."

"ನಂಗೇನ್ ಗೊತ್ತಕ್ಕ ಇದೆಲ್ಲ. ಮಕ್ಕಳಾಟ."

"ಅವ್ವನ ಮಗ ಕಣ್ಲಾ ನೀನು. ಮದುವೆ ಮನೇಲಿ ಯಾರದೋ ಸೀರೆ ಎಳೆ ಬಿಟ್ಕೊಂಡಿದ್ರೂ ಕೈ ಹಾಕಿ ಬೈಸ್ಕೊಂಡಿದ್ದೀಯ. ತುಂಡು ಎಳೆ ಕಣ್ಮುಂದೆ ಇಟ್ಕೊಂಡು ನೀನು ಸುಮ್ನೆ ನಿಂತಿದ್ದನ್ನ ಇವತ್ತೇ ನೋಡ್ತಿರೋದು ನಾನು."

ತುದಿ ಬಡಿಯುತ್ತಲೇ ಇತ್ತು. ಪ್ರಕಾಶನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಅಂಟು ಬಿಟ್ಟ ಕಾಗದದಂತೆ ಒಂದು ಕಡೆಯಿಂದ ಕಳಚಿಕೊಂಡಿತು.

"ಏನ್ ನೋಡ್ದೆ ನೀನು ಅದರಾಗೆ?" ದನಿ ಇಳಿದಿತ್ತು.

"ಒಂದು ಕೈ ನೋಡ್ದೆ."

"ಆಫ್ ಮಾಡ್ದೆ ನಾನು. ಅವತ್ತೇ. ವೈರು ಕಿತ್ತಾಕಿ..." ಎಂದವನು ಹಲ್ಲು ಕಚ್ಚಿದ.

ಮಾತು ಬಾಯಿಂದ ಜಾರಿ ಆಗಿತ್ತು. ಕಂಪ್ಯೂಟರ್ ಆರಿಸಿದರೆ ಎಲ್ಲ ಆರಿಹೋಗುತ್ತದೆ ಅಂದುಕೊಂಡಿದ್ದ. ಅಷ್ಟರೊಳಗೆ ಮೇಷ್ಟ್ರು ಎಂದಿನ ಅಭ್ಯಾಸದಂತೆ ಪ್ರಪಂಚವನ್ನು ಮಲಗಿಸಿ ಎದ್ದಿದ್ದರೆಂದು ಅವನಿಗೆ ಹೊಳೆದಿರಲಿಲ್ಲ.

ಅವನು ಮೆಟ್ಟಿಲ ಕಡೆ ನೋಡಿ, ಹತ್ತಿರ ಬಂದು, ಅಕ್ಕನ ಮೊಣಕೈ ಹಿಡಿದ. ಚಿಕ್ಕವನಿದ್ದಾಗ ಕತ್ತಲಲ್ಲಿ ಹಿಡಿಯುತ್ತಿದ್ದ ಹಾಗೇ.

"ಅಕ್ಕ. ನಿನ್ನ ದಮ್ಮಯ್ಯ. ಆ ಕಂಪ್ಯೂಟರ್ ನಂಗೆ ಕೊಟ್ಬುಡು. ಆ ಹುಡುಗಂಗೆ ನಾನೇ ಲಾಯರ್ ಇಡ್ತೀನಿ, ಒಂದೆರಡು ತಿಂಗಳಲ್ಲಿ ಬಂದ್ಬುಡ್ತಾನೆ. ನಾನು ಒಳಕ್ಕೋದ್ರೆ ಅವ್ವ ಉಳೀತಾಳಾ? ಅವಳ ಮುಖ ನೋಡಿ ಹೇಳ್ತೀಯಾ ನೀನು?"

ಎಷ್ಟೋ ಜನರ ಹೇಳಿಕೆ ಬರೆದುಕೊಂಡವಳು, ಎಷ್ಟೋ ತಾಯಂದಿರ ಎದುರು ಕಲ್ಲಾಗಿ ನಿಂತವಳು, ಈಗ ತನ್ನ ಮೊಣಕೈಯನ್ನು ಬಿಡಿಸಿಕೊಳ್ಳಲಾಗದೆ ನಿಂತಳು. ಬಿಸಿನೀರಲ್ಲಿ ಬೆಂದು ಬೆಳ್ಳಗಾದ ಅವ್ವನ ಬೆರಳುಗಳು ಕಣ್ಮುಂದೆ ಬಂದವು. ಆ ಬೆರಳುಗಳು ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ತಿನ್ನಿಸಿದ್ದವು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಹಾಜಿರಾ ಮರಳಿನ ಆ ಕಲೆಯನ್ನು ಹೇಗೋ ದಾಟಿ ಮೇಲೆ ಬಂದಿದ್ದಳು. ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಏನೂ ಅರ್ಥವಾಗಿರಲಿಲ್ಲ, ಆಸೆಯೊಂದೇ ಇತ್ತು.

"ಹೊತ್ತಾಯ್ತಾ ಬಂತು ಸುಚಿತ್ರಕ್ಕ. ಅದು ಯಾರ ಕೈ ಅಂತ ಗೊತ್ತಾಯ್ತಾ?"

ಪ್ರಕಾಶನ ಬೆರಳು ಮೊಣಕೈ ಮೇಲೆ ಬಿಗಿಯಾಯಿತು.

"ಇನ್ನೂ..." ಸುಚಿತ್ರಾ ಹಾಜಿರಾಳ ಕಣ್ಣನ್ನು ಬಿಟ್ಟು ಬೇರೆಲ್ಲೋ ನೋಡುತ್ತ ಹೇಳಿದಳು. "ಇನ್ನೂ ಗೊತ್ತಾಗಿಲ್ಲ ಹಾಜಿರಾ."

ಹಾಜಿರಾ ತಲೆಯಾಡಿಸಿದಳು. ನಂಬಿದಳು. ಅವಳು ನಂಬಿದ್ದನ್ನು ನೋಡುವುದಕ್ಕಿಂತ ಘೋರವಾದದ್ದು ಆ ಶೆಡ್ಡಿನಲ್ಲಿ ಇನ್ನೇನೂ ಇರಲಿಲ್ಲ.

ಕುರ್ಚಿ ಸರಿದ ಸದ್ದಾಯಿತು. ಇಂಚರ ಎದ್ದು ನಿಂತಿದ್ದಳು. ಅಮ್ಮ ಸುಳ್ಳು ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ಇದೇ ಮೊದಲ ಸಲ ಕೇಳಿದ್ದಳು. ಅಮ್ಮನನ್ನು ದಾಟಿ, ಹಾಜಿರಾಳನ್ನು ದಾಟಿ, ಮಾವನ ಎದುರು ಹೋಗಿ ಮುಖವೆತ್ತಿದಳು.

"ಮಾಮ, ಮೇಷ್ಟ್ರು ಬಿದ್ದಾಗ ನೀನು ಯಾಕೆ ಯಾರನ್ನೂ ಕೂಗ್ಲಿಲ್ಲ?"